ಸಾಯೇಬರ ಗೋಟಾದಲ್ಲಿ ಕೆಂದಿಗೆ ಬೇನೆ ಬಂದಾಗ

೨೦೦೧ರ ಡಿಸೆಂಬರಿನಲ್ಲಿ ನಾನು ಖಾನಾಪುರದ ದನದ ದವಾಖಾನೆಯಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಖಾನಾಪುರದಲ್ಲಿ ಇಳಿಯುವಷ್ಟರಲ್ಲಿ ದವಾಖಾನೆಯ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಕಾದು ಕುಳಿತಿರುತ್ತಿದ್ದರು. ರೋಗದ ವಿವರವನ್ನು ಮರಾಠಿಯಲ್ಲಿ ಕೇಳಿ, ಔಷಧವನ್ನು ಕನ್ನಡದಲ್ಲಿ ಹೇಳಿ, ಬೈಗುಳವನ್ನು ಎರಡರಲ್ಲೂ ಹಂಚಿಕೊಂಡು ನಮ್ಮ ಕೆಲಸ ಸಾಗುತ್ತಿತ್ತು. ಆ ಚಳಿಗಾಲದಲ್ಲಿ ಮಾತ್ರ ನನ್ನ ಹರಕು ಮುರುಕು ಇಂಗ್ಲಿಷು ಕೂಡ ಕೊಟ್ಟಿಗೆಗೆ ಇಳಿಯಬೇಕಾಯಿತು. ಇಷ್ಟು ವರ್ಷಗಳ ನೌಕರಿಯಲ್ಲಿ ನೂರಾರು ದನಗಳಿಗೆ ಚಿಕಿತ್ಸೆ ಮಾಡಿದ್ದೇನೆ. ಆದರೆ ಯಾರಾದರೂ ಒಂದು ಕಥೆ ಹೇಳಿ ಎಂದರೆ ಮೊದಲು ನೆನಪಾಗುವುದು ಕೆಂದಿ ಎಂಬ ಆ ಒಂದು ಆಕಳು.

ಊರಿನಿಂದ ಸ್ವಲ್ಪ ಆಚೆ, ಮಲಪ್ರಭೆಯ ದಂಡೆಗೆ ಹತ್ತಿರ, ಒಂದು ಹಳೆಯ ಡೇರಿ ಇತ್ತು. ನಮ್ಮ ಕಡೆ ದನದ ಕೊಟ್ಟಿಗೆಗೆ ಗೋಟಾ ಎನ್ನುತ್ತಾರೆ. ಈ ಡೇರಿಗೆ ಜನ ಇಟ್ಟ ಹೆಸರು ಸಾಯೇಬರ ಗೋಟಾ. ಬ್ರಿಟಿಷರ ಕಾಲದಲ್ಲಿ ಸ್ಕಾಟ್ಲೆಂಡಿನ ಗ್ಯಾಲೊವೇ ಸೀಮೆಯ ರೈತರ ಮನೆಯ ಹುಡುಗನೊಬ್ಬ ಬೆಳಗಾವಿಯ ದಂಡಿನ ಕ್ಯಾಂಪಿಗೆ ಹಾಲು, ಬೆಣ್ಣೆ ಪೂರೈಸುವ ವ್ಯವಹಾರಕ್ಕೆಂದು ಇಲ್ಲಿಗೆ ಬಂದು ಕಟ್ಟಿದ್ದಂತೆ. ತನ್ನ ಸೀಮೆಯ ಏರ್‌ಶೈರ್ ತಳಿಯ ದನಗಳನ್ನು ಹಡಗಿನಲ್ಲಿ ಗೋವಾಕ್ಕೆ ತರಿಸಿ, ಅಲ್ಲಿಂದ ರೈಲಿನಲ್ಲಿ ಘಾಟು ಹತ್ತಿಸಿ, ಖಾನಾಪುರ ಸ್ಟೇಷನ್ನಿನಲ್ಲಿ ಇಳಿಸಿಕೊಂಡನಂತೆ. ಕೆಂಪು ಮೈಯ ಮೇಲೆ ಬಿಳಿ ಮಚ್ಚೆಯ, ಮೇಲಕ್ಕೆ ಬಾಗಿ ಹೊರಳಿದ ಕೋಡಿನ ಆ ದನಗಳನ್ನು ನೋಡಲು ಅರ್ಧ ಊರೇ ನೆರೆದಿತ್ತಂತೆ. ಮುಕ್ಕಾಲು ಪಾಲು ದನಗಳು ಇಲ್ಲಿನ ಉಣ್ಣಿ ಜ್ವರಕ್ಕೆ ಸತ್ತವು. ಒಂದು ಹೋರಿ ಉಳಿಯಿತು. ಅದನ್ನು ನಮ್ಮ ನಾಟಿ ಆಕಳುಗಳಿಗೆ ಕೊಟ್ಟು ಆತ ಒಂದು ಹಿಂಡು ಬೆಳೆಸಿದ.

ದೇಶ ಬಿಟ್ಟು ಹೋಗುವಾಗ ಸಾಯೇಬ ಮಾಡಿದ ಕೆಲಸವೇ ವಿಚಿತ್ರ. ಹೊಲವನ್ನೂ ಕಟ್ಟಡವನ್ನೂ ತನ್ನ ಕಾರಭಾರಿಗೆ ಬರೆದುಕೊಟ್ಟ. ದನಗಳನ್ನೆಲ್ಲ ತನ್ನ ಹಾಲು ಹಿಂಡುವ ಗೌಳಿಗೆ ಕೊಟ್ಟ. ಒಬ್ಬನಿಗೆ ನೆಲ, ಇನ್ನೊಬ್ಬನಿಗೆ ದನ. ದನವಿಲ್ಲದೆ ಆ ನೆಲಕ್ಕೆ ಬೆಲೆಯಿಲ್ಲ, ನೆಲವಿಲ್ಲದೆ ಆ ದನಕ್ಕೆ ನಿಲ್ಲಲು ಜಾಗವಿಲ್ಲ. ಹಾಗಾಗಿ ಎರಡು ಮನೆತನಗಳು ಮೂರು ತಲೆಮಾರು ಒಂದೇ ಅಂಗಳದಲ್ಲಿ ಜಗಳಾಡುತ್ತ ಬಾಳಿದವು. ನನ್ನ ಕಾಲಕ್ಕೆ ನೆಲದ ಕಡೆಯ ಹಿರಿಯರು ರುದ್ರಗೌಡರು, ಕಾರಭಾರಿಯ ಮೊಮ್ಮಗ. ದನದ ಕಡೆಯ ಹಿರಿಯಳು ಸಖೂಬಾಯಿ, ಗೌಳಿ ಮನೆಯ ಸೊಸೆ. ಇಬ್ಬರಿಗೂ ಅರವತ್ತು ದಾಟಿತ್ತು.

ನಾನು ಮೊದಲ ಸಲ ಅಲ್ಲಿಗೆ ಹೋದಾಗಲೇ ಗೌಡರು ಹೇಳಿದ್ದರು: "ಹೊಲಾ ನಂದು, ದನಾ ಆಕೀದು. ಹೆಂಡಿ ಯಾರದು ಅನ್ನೂ ವಾದ ಮಾತ್ರ ನಮ್ಮ ಅಜ್ಜಾರ ಕಾಲದಿಂದ ನಡದೈತ್ರಿ ಡಾಕ್ಟರ್ರ."

ಸೆಗಣಿಯ ಬುಟ್ಟಿ ಹಿಡಿದಿದ್ದ ಸಖೂಬಾಯಿಯ ಉತ್ತರ ಒಳಗಿನಿಂದ ತಕ್ಷಣ ಬಂತು: "ಹೊಲಕ್ಕ ಹಾಕೂ ಮುಂದ ಅವರದು, ಬಳಿಯೂ ಮುಂದ ನಂದು. ಅದರಾಗ ವಾದ ಏನೈತಿ?"

ಇನ್ನು ಕೆಂದಿಯ ವಿಷಯ. ಇಷ್ಟು ತಲೆಮಾರು ಬೆರೆತ ಮೇಲೆ ಸಾಯೇಬನ ಹೋರಿಯ ರಕ್ತ ಆ ಹಿಂಡಿನಲ್ಲಿ ಹೇಳಿಕೊಳ್ಳುವಷ್ಟು ಉಳಿದಿರಲಿಲ್ಲ. ಆದರೂ ಕೆಂದಿಯೊಂದಕ್ಕೆ ಆ ಕೆಂಪು, ಆ ಬಿಳಿ ಮಚ್ಚೆ, ಆ ಹೊರಳಿದ ಕೋಡು ಬಂದುಬಿಟ್ಟಿದ್ದವು. ಮುತ್ತಜ್ಜಿಯ ಮೂಗು ಮರಿಮಗಳಿಗೆ ಬರುತ್ತದಲ್ಲ, ಹಾಗೆ. ಆಗಷ್ಟೇ ಅದು ಒಂದು ಹೆಣ್ಣುಗರು ಹಾಕಿತ್ತು.

ಆ ತಿಂಗಳ ಮೊದಲಲ್ಲಿ ಗೌಡರು ದವಾಖಾನೆಗೆ ಬಂದು ಒಂದು ಸುದ್ದಿ ಹೇಳಿದರು. ಸಾಯೇಬನ ಅಣ್ಣನ ಮೊಮ್ಮಗಳು ಮಾರ್ಗರೆಟ್ ಎಂಬಾಕೆ ಸ್ಕಾಟ್ಲೆಂಡಿನಿಂದ ಬೆಳಗಾವಿಗೆ ಬರುತ್ತಾಳೆ, ಕ್ಯಾಂಪಿನಲ್ಲಿ ಪರಿಚಯದ ಟೀಚರಮ್ಮನ ಮನೆಯಲ್ಲಿ ಇಳಿದುಕೊಳ್ಳುತ್ತಾಳೆ, ಗೋಟಾ ನೋಡಬೇಕಂತೆ. ಆ ವರ್ಷ ಬ್ರಿಟನ್ನಿನಲ್ಲಿ ಕಾಲುಬಾಯಿ ಬೇನೆ ಹಬ್ಬಿ, ಲಕ್ಷಗಟ್ಟಲೆ ದನಕುರಿಗಳನ್ನು ಕೊಂದು ರೋಗ ನಿಲ್ಲಿಸಿದ್ದನ್ನು ನಾನು ಪತ್ರಿಕೆಗಳಲ್ಲಿ ಓದಿದ್ದೆ. ಮಾರ್ಗರೆಟ್ಟರ ಹಿಂಡೂ ಅದರಲ್ಲಿ ಹೋಗಿತ್ತು. ತಲೆತಲಾಂತರದಿಂದ ಬಂದ ದನಗಳಲ್ಲಿ ಅಲ್ಲಿ ಒಂದೂ ಉಳಿದಿಲ್ಲ, ಚಿಕ್ಕಜ್ಜ ಇಂಡಿಯಾಕ್ಕೆ ಒಯ್ದಿದ್ದರ ಸಂತಾನ ಎಲ್ಲಾದರೂ ಇದೆಯೇ ಎಂದು ನೋಡುವುದೊಂದೇ ಆಕೆಯ ಆಸೆ.

"ಕೆಂದೀನ ತೋರಸೂಣ್ರಿ. ನೋಡಿ ಸಮಾಧಾನ ಮಾಡಕೊಂಡ ಹೋಗಲಿ ಪಾಪ," ಎಂದು ಗೌಡರು ಹುರುಪಿನಿಂದ ಗೋಡೆಗಳಿಗೆ ಸುಣ್ಣ ಬಳಿಸಲು ಹೋದರು.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ, ಗೋಟಾದಿಂದ ಕರೆ ಬಂತು. ಕೆಂದಿ ಮೇವು ಬಿಟ್ಟಿದೆ, ಬಾಯಿಂದ ಜೊಲ್ಲು ಸುರಿಸುತ್ತಿದೆ, ಕಾಲು ಝಾಡಿಸುತ್ತಿದೆ. ಹೋಗಿ ಬಾಯಿ ತೆರೆದು ನೋಡಿದೆ. ನಾಲಗೆಯ ಮೇಲೆ ಗುಳ್ಳೆ ಎದ್ದು ಒಡೆದು ಚರ್ಮ ಸುಲಿದಿತ್ತು. ಗೊರಸಿನ ಸಂದಿಯಲ್ಲಿ ಹುಣ್ಣು. ಮೈ ಕಾದ ಹಂಚಿನಂತೆ. ಅನುಮಾನಕ್ಕೆ ಜಾಗವೇ ಇರಲಿಲ್ಲ, ಕಾಲುಬಾಯಿ ಬೇನೆ. ಇದು ವೈರಸ್ಸಿನಿಂದ ಬರುವ ರೋಗ. ಜೊಲ್ಲು, ಹಾಲು, ಸೆಗಣಿ, ಬಟ್ಟೆ, ಚಪ್ಪಲಿ, ಗಾಳಿ, ಎಲ್ಲದರ ಮೂಲಕವೂ ಹರಡುತ್ತದೆ. ಅದಕ್ಕೆಂದೇ ಔಷಧವಿಲ್ಲ. ಹುಣ್ಣು ತೊಳೆದು, ಮೆತ್ತಗಿನದನ್ನು ತಿನ್ನಿಸಿ, ದನವನ್ನು ದಾಟಿಸಬೇಕು. ದೊಡ್ಡ ದನಗಳು ಸಾಮಾನ್ಯವಾಗಿ ಬದುಕುತ್ತವೆ, ಹಾಲು ಮಾತ್ರ ಹೋಗುತ್ತದೆ. ಎಳೆಗರುಗಳ ಕಥೆ ಬೇರೆ. ವೈರಸ್ಸು ಹೃದಯಕ್ಕೆ ಇಳಿದು, ನಿಂತಿದ್ದ ಕರು ನಿಂತಲ್ಲೇ ಬಿದ್ದು ಸಾಯುತ್ತದೆ. ಈಗಿನ ಹಾಗೆ ಮನೆಮನೆಗೆ ಲಸಿಕೆ ಬರುತ್ತಿದ್ದ ಕಾಲವೂ ಅಲ್ಲ. ಕಬ್ಬಿನ ಗಾಡಿಯ ಎತ್ತುಗಳು ದಾರಿಯಲ್ಲಿ ಗೋಟಾದ ಕಲ್ಲಿನ ತೊಟ್ಟಿಯಲ್ಲಿ ನೀರು ಕುಡಿದಿದ್ದವು, ಅವುಗಳಿಂದಲೇ ಬಂದಿರಬೇಕು.

ಪಕ್ಕದ ಸಾಲಿನ ಒಂದು ಕರು ಆಗಲೇ ಸತ್ತಿತ್ತು. ಕೆಂದಿಯ ಕರುವಿಗೆ ಇನ್ನೂ ಜ್ವರ ಬಂದಿರಲಿಲ್ಲ. ತಕ್ಷಣ ಅದನ್ನು ತಾಯಿಯಿಂದ ಬಿಡಿಸಿ ಆ ತುದಿಯ ಹಳೆಯ ಬೆಣ್ಣೆಕೋಣೆಯಲ್ಲಿ ಕಟ್ಟಿಸಿದೆ. ಬೇನೆಯ ದನ ಮುಟ್ಟಿದವರು ಕರು ಮುಟ್ಟಬಾರದು, ಕಾಸಿ ಆರಿಸಿದ ಹಾಲನ್ನಷ್ಟೇ ಕುಡಿಸಬೇಕು, ಕಾಲು ತೊಳೆಯಲು ಬಾಗಿಲಲ್ಲಿ ವಾಷಿಂಗ್ ಸೋಡಾದ ನೀರು ಇಡಬೇಕು, ಹೊರಗಿನವರು ಯಾರೂ ಒಳಗೆ ಕಾಲಿಡಬಾರದು ಎಂದು ಹೇಳಿದೆ.

"ಆ ಮಾರ್ಗರೆಟ್ ಬಾಯಿಗೂ ಫೋನ್ ಮಾಡಿ ಹೇಳ್ರಿ ಗೌಡ್ರ. ಹಿಂಗ ಹಿಂಗ ಬ್ಯಾನಿ ಬಂದೈತಿ, ಸದ್ಯಕ್ಕ ಬರಬ್ಯಾಡ್ರಿ ಅಂತ."

ಗೌಡರು ಸಖೂಬಾಯಿಯ ಮುಖ ನೋಡಿದರು. ಹುಟ್ಟಾ ಜಗಳಗಂಟರಿಬ್ಬರೂ ಒಂದಾಗಿದ್ದನ್ನು ನಾನು ಅಂದೇ ಕಂಡದ್ದು.

"ಅಗಬಾಯಿ, ಏನ ಮಾತಾಡತೀರಿ ಡಾಕ್ಟರ್ರ?" ಎಂದಳು ಸಖೂಬಾಯಿ. "ಇದ ಬ್ಯಾನಿಗೆ ಮನೀ ದನಾ ಎಲ್ಲಾ ಕಳಕೊಂಡ ಬಂದಾಳ ಆ ಹೆಣ್ಮಗಳು. ಸಮುದ್ರಾ ದಾಟಿ ಬಂದ ಮ್ಯಾಲ ಇಲ್ಲೂ ಅದನ್ನ ಹೇಳಿ ಎದಿ ಒಡಸೂಣೇನ?"

"ಮತ್ತ ಕೆಂದಿ ಎಲ್ಲಿ ಅಂತ ಕೇಳಿದ್ರ?" ಎಂದೆ ನಾನು.

"ಬೀಗರ ಮನಿಗೆ ಕಳಿಸೇವಿ ಅಂತ ಹೇಳ್ರಿ."

ಗೌಡರಿಗೇ ನಗು ತಡೆಯಲಾಗಲಿಲ್ಲ. "ಆಕಳಾ ಬೀಗರ ಮನಿಗೆ ಹೋಗತೈತೇನವಾ?"

"ನೀವು ಹೋದ್ರ ವಾರಗಟ್ಟಲೆ ಕುಂದರತೀರಿ. ಅದು ಹೋದ್ರ ಏನಾತು?"

ಫೋನು ಮಾಡಿಯೇ ತೀರಬೇಕು ಎಂದು ಗಟ್ಟಿಸಿ ಹೇಳಿ ಬಂದೆ. ಅವರು ಮಾಡಲಿಲ್ಲ. ಮರುದಿನ ಹುಣ್ಣು ತೊಳೆಯಲು ಹೋದರೆ, ಅಂಗಳದ ಮಾವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಬೆಳ್ಳಿ ಕೂದಲಿನ, ಎತ್ತರದ ಹೆಂಗಸೊಬ್ಬರು ಚಹಾ ಕುಡಿಯುತ್ತಿದ್ದರು. ಕಾಲಲ್ಲಿ ಹಸಿರು ಬಣ್ಣದ ಗಂಬೂಟು. ಎದುರಿಗೆ ಹೊಸ ಹಗ್ಗ, ಗೊಂಡೆ ಕಟ್ಟಿಸಿಕೊಂಡು ಗೌರಿ ಎಂಬ ಕೆಂಪು ಆಕಳು ನಿಂತಿತ್ತು. ಬೇನೆ ತಗಲದಿರಲೆಂದು ಅದೊಂದನ್ನು ಗೌಡರು ಹೊಲದ ಆಚೆಯ ಗುಡಿಸಲಿನಲ್ಲಿ ಬೇರೆ ಕಟ್ಟಿದ್ದರು. ಈಗ ಅದೇ ಕೆಂದಿ.

"ಬರ್ರಿ ಡಾಕ್ಟರ್ರ, ಕುಂದರ್ರಿ," ಎಂದರು ಗೌಡರು, ನನ್ನ ಕಣ್ಣು ತಪ್ಪಿಸುತ್ತ. "ಸಾಯೇಬರ ತಳಿ ಇದ ಅಂತ ಬಾಯಿಗೆ ಇಂಗ್ಲಿಷನ್ಯಾಗ ತಿಳಿಸಿ ಹೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಮಾರ್ಗರೆಟ್ ಎದ್ದರು. ಗೌರಿಯ ಬೆನ್ನ ಮೇಲೆ ಕೈಯಾಡಿಸಿ, ಕೆಚ್ಚಲು ನೋಡಿ, ಕೋಡು ನೋಡಿ, ನಯವಾಗಿ ಹೇಳಿದರು: "ಒಳ್ಳೆಯ ಹಸು. ಇದಕ್ಕೂ ನಮಗೂ ಸಂಬಂಧವಿದೆ ಎನ್ನಿಸುವುದಿಲ್ಲ. ಅದಿರಲಿ, ಹಿಂದೆ ಒಂದು ಕರು ಒಂದೇ ಸಮನೆ ಕೂಗುತ್ತಿದೆಯಲ್ಲ, ಅದು ಯಾರದು? ಅದು ಹಸಿದಿದೆ."

ಹೌದು. ಬೆಣ್ಣೆಕೋಣೆಯಿಂದ ಕರು ಅರಚುತ್ತಿತ್ತು. ಮೊಲೆಗೆ ಬಾಯಿಟ್ಟು ಕುಡಿದ ಕರು, ಬೋಗಣಿಯ ಹಾಲನ್ನು ಮುಟ್ಟಿಯೂ ನೋಡಿರಲಿಲ್ಲ. ನಾವು ನಮ್ಮ ಮಾತಿನ ಗಡಿಬಿಡಿಯಲ್ಲಿ ಆ ಕೂಗನ್ನು ಕೇಳಿಸಿಕೊಂಡೇ ಇರಲಿಲ್ಲ. ಜೀವಮಾನವೆಲ್ಲ ಕೊಟ್ಟಿಗೆಯಲ್ಲಿ ಕಳೆದ ಆಕೆಗೆ ಬೇರೇನೂ ಕೇಳಿಸಿರಲಿಲ್ಲ.

"ಆ ಕರುವನ್ನು ತಾಯಿಯಿಂದ ಯಾಕೆ ಬೇರೆ ಮಾಡಿದ್ದೀರಿ?" ಎಂದು ನನ್ನನ್ನೇ ಕೇಳಿದರು.

ಸಖೂಬಾಯಿ ಸೆರಗು ಬಾಯಿಗಿಟ್ಟುಕೊಂಡು ನನ್ನನ್ನು ದಿಟ್ಟಿಸುತ್ತಿದ್ದಳು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ರೋಗದ ಇಂಗ್ಲಿಷ್ ಹೆಸರು ಅವಳಿಗೆ ತಿಳಿಯದಿದ್ದರೂ ಮಾರ್ಗರೆಟ್ಟರ ಮುಖ ಬಿಳಿಚಿಕೊಂಡದ್ದು ತಿಳಿಯಿತು.

"ಹೇಳೇಬಿಟ್ರಿ? ಹೊಟ್ಟ್ಯಾಗ ಒಂದ ಮಾತರ ನಿಲ್ಲತೈತೇನ್ರಿ ನಿಮಗ? ದನಕ್ಕ ಸೂಜಿ ಚುಚ್ಚೂದು ಸಾಲದ, ಮನಶ್ಯಾರಿಗೂ ಚುಚ್ಚತೀರಿ!" ಎಂದು ನನ್ನ ಮೇಲೆ ಹರಿಹಾಯ್ದಳು.

ಮಾರ್ಗರೆಟ್ ಮತ್ತೆ ಕುರ್ಚಿಯಲ್ಲಿ ಕುಳಿತರು. ಆಮೇಲೆ ಅವರು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ.

"ನಾನು ಈ ರೋಗವನ್ನು ನೋಡೇ ಇಲ್ಲ, ಡಾಕ್ಟರ್. ರೋಗ ಬಂದದ್ದು ಬೇಲಿಯ ಆಚೆಯವನ ಹಸುಗಳಿಗೆ. ನಮ್ಮವು ಆರೋಗ್ಯವಾಗಿದ್ದವು. ಆದರೆ ಪಕ್ಕದ ಫಾರ್ಮುಗಳನ್ನೂ ಖಾಲಿ ಮಾಡಬೇಕೆಂಬ ನಿಯಮ. ಅವತ್ತು ಬೆಳಿಗ್ಗೆಯೂ ನಾನು ಎಲ್ಲ ಹಸುಗಳ ಹಾಲು ಹಿಂಡಿದೆ. ಹಿಂಡದಿದ್ದರೆ ಕೆಚ್ಚಲು ನೋಯುತ್ತದಲ್ಲ. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಯಲ್ಲಿ ಸದ್ದೇ ಇರಲಿಲ್ಲ. ಯಾವುದರ ಹೆಸರಿನಲ್ಲಿ ನನ್ನ ಹಸುಗಳು ಹೋದವೋ ಅದರ ಮುಖವನ್ನೇ ನಾನು ಕಂಡಿಲ್ಲ. ಆ ಹಸುವನ್ನು ತೋರಿಸುತ್ತೀರಾ?"

ಇದನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಗೌಡರು ಮೇಲೆ ನೋಡಿದರು. ಸಖೂಬಾಯಿ ಮೊದಲ ಬಾರಿಗೆ ಮಾರ್ಗರೆಟ್ಟರ ಕೈ ಹಿಡಿದುಕೊಂಡಳು.

ಅಡ್ಡಗೋಡೆಯ ಈಚೆಗೆ ನಿಲ್ಲಿಸಿ ಕೆಂದಿಯನ್ನು ತೋರಿಸಿದೆ. ಜೊಲ್ಲು ಸುರಿಸುತ್ತ, ಒಂದೊಂದೇ ಕಾಲು ಎತ್ತಿ ಇಡುತ್ತ ಅದು ತಲೆ ತಗ್ಗಿಸಿ ನಿಂತಿತ್ತು. ಆ ಕೋಡು ಕಂಡಕೂಡಲೇ ಮಾರ್ಗರೆಟ್ಟರ ಬಾಯಿಂದ ಒಂದು ಹೆಸರು ಹೊರಟಿತು. ಅವರ ಯಾವುದೋ ಹಸುವಿನ ಹೆಸರು. ನಾನು ಕೇಳಲಿಲ್ಲ.

"ಇದನ್ನು ಕೊಲ್ಲುತ್ತೀರಾ?" ಎಂದರು.

ನಾನು ತಿರುಗಿಸಿ ಹೇಳಿದೆ. ಸಖೂಬಾಯಿಗೆ ಅರ್ಥವೇ ಆಗಲಿಲ್ಲ. "ಯಾಕ? ಜ್ವರ ಬಂದ್ರ ಯಾರರ ಕೊಲ್ಲತಾರೇನ್ರಿ?"

ಆ ಉತ್ತರವನ್ನು ನಾನು ಹಾಗೆಯೇ ಇಂಗ್ಲಿಷಿಗೆ ತರಲಿಲ್ಲ. "ಇಲ್ಲ, ಚಿಕಿತ್ಸೆ ಮಾಡುತ್ತೇವೆ" ಎಂದಷ್ಟೇ ಹೇಳಿದೆ. ಯಾಕೆಂದರೆ ಅಲ್ಲಿನ ಅಧಿಕಾರಿಗಳು ಕಟುಕರಲ್ಲ, ಇಲ್ಲಿನ ನಾವು ಸಂತರೂ ಅಲ್ಲ. ಅವರ ದೇಶದಲ್ಲಿ ಆ ರೋಗ ಇರಲಿಲ್ಲ, ಬಂದದ್ದು ಬೇರೂರಬಾರದೆಂದು ಬೆಂಕಿಯ ಸುತ್ತಲಿನ ಹುಲ್ಲು ಕೊಯ್ಯುವ ಹಾಗೆ ಮಾಡಿದರು. ನಮ್ಮಲ್ಲಿ ಬೇರೂರಿ ಎಷ್ಟೋ ಕಾಲವಾಗಿತ್ತು. ಅದರ ಬೆಲೆಯನ್ನು ನಮ್ಮ ಎಳೆಗರುಗಳು ತೆರುತ್ತಿದ್ದವು. ಮಾರ್ಗರೆಟ್ಟರಿಗೂ ಅದು ಗೊತ್ತಿತ್ತು. ಅವರು ಯಾರನ್ನೂ ದೂರಲಿಲ್ಲ.

"ಈಗ ಕರುವಿನ ಕಡೆ ಹೋಗಲೇ? ಅದು ಇನ್ನೂ ಕೂಗುತ್ತಿದೆ," ಎಂದರು.

ನಾನು ನಿಯಮ ಹೇಳಿದೆ. ಕರುವಿನ ಕಡೆ ಹೋದವರು ಕೆಂದಿಯ ಕಡೆ ಬರುವಂತಿಲ್ಲ, ಗೋಡೆಯ ಈಚೆಗೂ ನಿಲ್ಲುವಂತಿಲ್ಲ. ಇಷ್ಟು ದೂರ ಕೆಂದಿಗಾಗಿ ಬಂದವರು ಅವರು. ಆದರೆ ಒಂದು ಗಳಿಗೆಯೂ ಯೋಚಿಸಲಿಲ್ಲ. ನನ್ನ ಮಾತಿನಂತೆ ಟೀಚರಮ್ಮನ ಮನೆಗೆ ಹೋಗಿ ತಲೆಸ್ನಾನ ಮಾಡಿ, ಬಟ್ಟೆ ಬದಲಿಸಿ, ಬೂಟುಗಳನ್ನು ಸೋಡಾ ನೀರಿನಲ್ಲಿ ತಿಕ್ಕಿ ತೊಳೆದು, ಮರುದಿನ ಮತ್ತೆ ಬಂದರು. ಅಷ್ಟರವರೆಗೆ ಗೌಡರ ಸೊಸೆ ಸೀಸೆಯಲ್ಲಿ ಹನಿ ಹನಿ ಹಾಲು ಹಾಕಿ ಕರುವಿನ ಜೀವ ಹಿಡಿದಿದ್ದಳು.

ಕಾಸಿ ಆರಿಸಿದ ಹಾಲನ್ನು ಬಕೆಟ್ಟಿಗೆ ಸುರಿದುಕೊಂಡು ಮಾರ್ಗರೆಟ್ ಬೆಣ್ಣೆಕೋಣೆಯಲ್ಲಿ ಮಂಡಿಯೂರಿ ಕುಳಿತರು. ಎರಡು ಬೆರಳನ್ನು ಹಾಲಿನಲ್ಲಿ ಅದ್ದಿ ಕರುವಿನ ಬಾಯಿಗಿಟ್ಟರು. ಕರು ಚೀಪತೊಡಗಿತು. ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಬಕೆಟ್ಟಿನೊಳಕ್ಕೆ ಇಳಿಸಿದರು. ಮೂಗಿಗೆ ಹಾಲು ಹೋಗಿ ಕರು ಸೀನಿತು, ಅವರ ಮುಖಕ್ಕೆಲ್ಲ ಹಾಲು ಚಿಮ್ಮಿತು. ಒರೆಸಿಕೊಳ್ಳದೆ ಮತ್ತೆ ಬೆರಳು ಅದ್ದಿದರು. ಮತ್ತೆ ಸೀನು, ಮತ್ತೆ ಬೆರಳು. ಕೊನೆಗೆ ಕರು ಬೆರಳನ್ನು ಬಿಟ್ಟು ಹಾಲನ್ನೇ ಸೊರ್ರನೆ ಎಳೆಯತೊಡಗಿತು.

ಇತ್ತ ಕೆಂದಿಯ ಬಳಿಯಿದ್ದ ಸಖೂಬಾಯಿ ಅಂಗಳದ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದವಳು ಕೂಗಿ ಹೇಳಿದಳು: "ಡಾಕ್ಟರ್ರ, ನಮ್ಮತ್ತಿ ಹಿಂಗ ಮಾಡತಿದ್ಲು! ಎರಡ ಬಟ್ಟ ಹಿಂಗ ಬಾಯಾಗಿಟ್ಟು! ತಾಯಿ ಸತ್ತ ಕರಾ ಇದ್ರ ಆಕಿನ್ನ ಕರೀತಿದ್ರು. ಆಕೀಗೆ ಆಕೀ ಮಾವ ಕಲಿಸಿದ್ದಂತ. ನಾ ಕಲಿಲಿಲ್ಲ, ಮರತ ಹೋಗಿತ್ತ ನೋಡ್ರಿ."

ಆ ಮಾವನೇ ಸಾಯೇಬನ ಗೌಳಿ. ಅವನಿಗೆ ಕಲಿಸಿದವನು ಸಾಯೇಬ. ನಾನು ಇದನ್ನು ಹೇಳಿದಾಗ ಮಾರ್ಗರೆಟ್ ಹಾಲಾದ ಕೈಯನ್ನೇ ನೋಡಿಕೊಂಡು, "ನನಗೆ ನಮ್ಮಜ್ಜ ಕಲಿಸಿದ್ದು," ಎಂದರು. ಅವರ ಅಜ್ಜ ಎಂದರೆ ಸಾಯೇಬನ ಅಣ್ಣ. ಆಚೆ ಗ್ಯಾಲೊವೇಯಲ್ಲಿ ಅಣ್ಣ, ಈಚೆ ಖಾನಾಪುರದಲ್ಲಿ ತಮ್ಮ, ಇಬ್ಬರೂ ಕರುಗಳಿಗೆ ಬೆರಳು ಚೀಪಿಸುತ್ತ ಮುದುಕರಾಗಿದ್ದರು.

ಮುಂದೆ ದಿನಾಲೂ ಅದೇ ಕ್ರಮ. ಮಾರ್ಗರೆಟ್ ಬೆಣ್ಣೆಕೋಣೆಯಲ್ಲಿ, ಸಖೂಬಾಯಿ ಕೆಂದಿಯ ಬಳಿ, ನಡುವೆ ಅಂಗಳದಲ್ಲಿ ಗೌಡರು ಎರಡೂ ಕಡೆಗೆ ಬಿಸಿನೀರು ಹೊತ್ತು. ನಾನು ಮೊದಲು ಕರುವಿನ ಜ್ವರ ನೋಡಿ ಆಮೇಲೆ ಕೆಂದಿಯ ಕಡೆ ಹೋಗುತ್ತಿದ್ದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ನಸುಗೆಂಪು ನೀರಿನಿಂದ ಬಾಯಿ, ಗೊರಸು ತೊಳೆಯುವುದು, ಗ್ಲಿಸರಿನ್ನಿನಲ್ಲಿ ಕಲೆಸಿದ ಬೋರಿಕ್ ಪೌಡರನ್ನು ನಾಲಗೆಗೆ ಹಚ್ಚುವುದು, ಜೋಳದ ಹಿಟ್ಟಿನ ಗಂಜಿಗೆ ಬೆಲ್ಲ ಹಾಕಿ ಕುಡಿಸುವುದು. ಕೆಂದಿ ಗಂಜಿಗೂ ಬಾಯಿ ಹಚ್ಚುತ್ತಿರಲಿಲ್ಲ. ಎಲುಬು ಎಣಿಸುವ ಹಾಗೆ ಆಯಿತು.

ಅಂಗಳ ದಾಟಿ ಮಾತು ನಡೆಯುತ್ತಿತ್ತು, ನಾನು ನಡುವಿನ ತಂತಿ. ಒಂದು ದಿನ ಗೌಡರು ಬಹುಕಾಲದ ಪ್ರಶ್ನೆಯನ್ನು ಕೇಳಿದರು: "ಸಾಯೇಬ್ರು ನಮಗ ಹೊಲ, ಇವರಿಗೆ ದನ ಯಾಕ ಕೊಟ್ರಂತ? ಕೇಳ್ರಿ. ತಿಳೀಲಾರದ ಕೊಟ್ರೋ, ತಿಳದು ಕೊಟ್ರೋ?"

ಮಾರ್ಗರೆಟ್ ನಕ್ಕರು. "ನಮ್ಮಲ್ಲಿ ಅಪ್ಪ ಸತ್ತಾಗ ಜಮೀನು, ಹಿಂಡು ಎರಡೂ ದೊಡ್ಡಮಗನಿಗೆ ಬಂದವು. ಚಿಕ್ಕವನಿಗೆ ಕೊಟ್ಟಿಗೆಯಲ್ಲಿ ಕೆಲಸವಿತ್ತು, ಪಾಲಿರಲಿಲ್ಲ. ಅದಕ್ಕೇ ಅವನು ಹಡಗು ಹತ್ತಿದ್ದು. ಇಲ್ಲಿ ಇನ್ನೊಬ್ಬ ಹಡಗು ಹತ್ತಬಾರದೆಂದು ಹೀಗೆ ಮಾಡಿರಬೇಕು."

ಗೌಡರು ಬಿಸಿನೀರಿನ ಬಕೆಟ್ಟು ಕೆಳಗಿಟ್ಟರು. ಆಮೇಲೆ ಸಖೂಬಾಯಿಯ ಕಡೆ ತಿರುಗಿ, "ಕೇಳಿದೇನವಾ? ನಿನ್ನ ಕಾಟದಿಂದ ನಾ ಎಲ್ಲೂ ಓಡಿ ಹೋಗದಂಗ ಬಂದೋಬಸ್ತ ಮಾಡ್ಯಾರ," ಎಂದರು.

ಮಾರ್ಗರೆಟ್ ಊರಿಗೆ ಮರಳುವ ದಿನ ಹತ್ತಿರ ಬಂತು. ಕರು ಜ್ವರವಿಲ್ಲದೆ ಕುಣಿದಾಡುತ್ತಿತ್ತು. ಕೆಂದಿ ಉಳಿಯುತ್ತದೆಂದು ಮಾತ್ರ ನಾನು ಖಚಿತವಾಗಿ ಹೇಳಲಾರದವನಾಗಿದ್ದೆ. ಅವರು ಹೊರಡುವ ದಿನ ಬೆಳಿಗ್ಗೆ ಗೇಟಿನ ಹತ್ತಿರ ಬರುವಾಗಲೇ ಸಖೂಬಾಯಿ ಕೈಸನ್ನೆ ಮಾಡಿ ಸದ್ದು ಮಾಡಬೇಡಿರೆಂದಳು. ಕೆಂದಿ ಮಲಗಿತ್ತು. ದವಡೆ ನಿಧಾನವಾಗಿ ಆಡುತ್ತಿತ್ತು. ಮೆಲುಕು ಹಾಕುತ್ತಿದೆ! ಮುಂದೆ ಇಟ್ಟಿದ್ದ ಗಂಜಿಯ ಬೋಗಣಿ ಬರಿದಾಗಿತ್ತು, ಹಸಿ ಹುಲ್ಲೂ ಅರ್ಧ ಖಾಲಿ. ದನದ ವೈದ್ಯನಿಗೆ ಅದಕ್ಕಿಂತ ದೊಡ್ಡ ಶುಭಸುದ್ದಿ ಇಲ್ಲ.

ಮಾರ್ಗರೆಟ್ಟರ ಕಾರು ಬಂದಾಗ ನಾನು ನಿಯಮ ಸಡಿಲಿಸಿದೆ. ಅಂದಿಗೆ ಕರುವಿನ ಚಾಕರಿಯಿಂದ ಅವರಿಗೆ ಬಿಡುವು ಕೊಟ್ಟು, ಅಡ್ಡಗೋಡೆಯ ತನಕ ಕರೆದೊಯ್ದೆ. ಅವರು ಗೋಡೆಯ ಮೇಲೆ ಮೊಣಕೈಯೂರಿ ಕೆಂದಿಯ ದವಡೆಯನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅವರ ಹೆಗಲು ಅಲುಗತೊಡಗಿತು.

"ಅಳಬ್ಯಾಡ ಅಂತ ಹೇಳ್ರಿ," ಎಂದಳು ಸಖೂಬಾಯಿ, ಸೆರಗಿನಿಂದ ತನ್ನ ಮೂಗು ಒರೆಸಿಕೊಳ್ಳುತ್ತ.

"ಮೊದಲ ನೀ ಬಿಡವಾ," ಎಂದರು ಗೌಡರು.

ಹೊರಡುವಾಗ ಮಾರ್ಗರೆಟ್ ಅಂಗಳದಲ್ಲೇ ಗಂಬೂಟು ಕಳಚಿ, ಟೀಚರಮ್ಮ ತಂದ ಹೊಸ ಚಪ್ಪಲಿ ಮೆಟ್ಟಿದರು. "ವಸಂತದಲ್ಲಿ ಹಸುಗಳು ಹೋದಾಗಿನಿಂದ ಈ ಬೂಟಿಗೆ ಕೆಲಸವೇ ಇರಲಿಲ್ಲ. ಇಲ್ಲಿ ಸಿಕ್ಕಿತು. ಇವು ನಮ್ಮೂರಿನ ಮಣ್ಣಿಗೆ ಮರಳಿ ಬರುವುದು ಬೇಡ. ಬೇಲಿಯ ಆಚೆಯವನು ಮತ್ತೆ ಹಸು ಕೊಳ್ಳುತ್ತಿದ್ದಾನೆ," ಎಂದರು. ಯಾರ ಹಿಂಡಿನ ರೋಗದ ದೆಸೆಯಿಂದ ಇವರ ಹಿಂಡು ಹೋಯಿತೋ ಅವನ ಹಸುಗಳ ಚಿಂತೆ ಇವರಿಗೆ. ಕೊಟ್ಟಿಗೆಯಲ್ಲಿ ಉಟ್ಟ ಬಟ್ಟೆಗಳನ್ನೂ ಬಿಟ್ಟುಹೋದರು. ಊರಲ್ಲಿ ಕೆಲವು ದಿನ ಯಾವ ಫಾರ್ಮಿನ ಕಡೆಗೂ ಸುಳಿಯಬಾರದೆಂದು ನಾನು ಹೇಳುವ ಮೊದಲೇ ಅವರೇ ನನಗೆ ಹೇಳಿದರು.

ಕೆಂದಿ ಬದುಕಿತು. ಮೊದಲಿನ ಹಾಲು ಮತ್ತೆ ಬರಲಿಲ್ಲ. ಬಿಸಿಲಿನಲ್ಲಿ ಏದುಸಿರು ಬಿಡುತ್ತಿತ್ತು, ಈ ರೋಗ ಬಿಟ್ಟುಹೋಗುವ ಗುರುತು ಅದು.

ಆಮೇಲೆ ನನ್ನ ನೌಕರಿಯುದ್ದಕ್ಕೂ ಕೆಟ್ಟ ಸುದ್ದಿ ಹೇಳುವ ಸರದಿ ಎಷ್ಟೋ ಸಲ ಬಂತು. ಅಡ್ಡದಾರಿ ಹಿಡಿದು ಹೇಳುವುದನ್ನು ನಾನು ಬಿಟ್ಟುಬಿಟ್ಟೆ. ರೋಗದ ಹೆಸರನ್ನು ನೇರವಾಗಿ ಹೇಳಿ, ಅದೇ ಉಸಿರಿನಲ್ಲಿ ಆ ಮನೆಯವರ ಕೈಗೆ ಒಂದು ಕೆಲಸ ಕೊಡುತ್ತಿದ್ದೆ. ನೀರು ಕಾಸಿರಿ, ಗಂಜಿ ಬೇಯಿಸಿರಿ, ಕರು ಬೇರೆ ಕಟ್ಟಿರಿ. ದುಃಖವನ್ನು ಬಚ್ಚಿಡಲು ಹೋದ ಸಖೂಬಾಯಿಯ ಪ್ರೀತಿ ಸಣ್ಣದಲ್ಲ. ಆದರೆ ಮಾರ್ಗರೆಟ್ಟರಿಗೆ ಬೇಕಾಗಿದ್ದದ್ದು ಒಂದು ಬಕೆಟ್ ಹಾಲು, ಮಂಡಿಯೂರಲು ಒಂದು ಮೂಲೆ.

ಮರುವರ್ಷದ ಮಳೆಗಾಲದಲ್ಲಿ ಗೋಟಾಕ್ಕೆ ಹೋಗಿದ್ದೆ. ಖಾನಾಪುರದ ಮಳೆಗೆ ಅಂಗಳವೆಲ್ಲ ಕೆಸರು. ಕಚ್ಚೆ ಸೀರೆಯ ಕೆಳಗೆ ಹಸಿರು ಗಂಬೂಟು ಮೆಟ್ಟಿಕೊಂಡು ಸಖೂಬಾಯಿ ಸೆಗಣಿ ಬಳಿಯುತ್ತಿದ್ದಳು. ಕಟ್ಟೆಯ ಮೇಲಿನಿಂದ ಗೌಡರು ನನ್ನನ್ನು ಪಂಚಾಯಿತಿಗೆ ಕರೆದರು.

"ನೀವ ಹೇಳ್ರಿ ಡಾಕ್ಟರ್ರ. ಬೂಟು ನೆಲದ ಮ್ಯಾಲ ಬಿಟ್ಟ ಹೋದ್ರೋ ಇಲ್ಲೋ? ನೆಲಾ ಯಾರದು?"

"ಬೂಟು ದನದ ಚಾಕರಿಗೆ ಬಂದದ್ದು," ಎಂದಳು ಸಖೂಬಾಯಿ ತಲೆಯೆತ್ತದೆ. "ದನಾ ಯಾರದು?"

ತೀರ್ಪು ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಅಷ್ಟರಲ್ಲಿ ಕೆಂದಿಯ ಮಗಳು, ಈಗ ನನ್ನ ಸೊಂಟದೆತ್ತರ ಬೆಳೆದ ಕೆಂಪು ಕಡಸು, ಹಿಂದಿನಿಂದ ಬಂದು ನನ್ನ ಅಂಗೈಗೆ ಒದ್ದೆ ಮೂಗು ತುರುಕಿ, ಎರಡು ಬೆರಳು ಹುಡುಕತೊಡಗಿತು.